ಬೆಳಿಗ್ಗೆ ಬೆಕ್ಕು, ಸಂಜೆ ಟಿಟ್ಟಿಭ

ಯುಗಾದಿ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಅಟ್ಟ ಕ್ಲೀನ್ ಮಾಡುವ ಕೆಲಸ ಶುರುವಾಗುತ್ತದೆ. ಹಳೇ ಸೂಟ್‌ಕೇಸು, ಹಿಡಿ ಮುರಿದ ಕುಕ್ಕರು, ದಸರಾ ಗೊಂಬೆಗಳ ಪೆಟ್ಟಿಗೆ ಎಲ್ಲ ಕೆಳಗಿಳಿಯುತ್ತವೆ. ಅವುಗಳ ಹಿಂದೆ, ಕತ್ತಲೆ ಮೂಲೆಯಲ್ಲಿ, ಮೂರೋ ನಾಲ್ಕೋ ಬೆಕ್ಕಿನ ಮರಿಗಳೂ ಸಿಗುತ್ತವೆ. ತಾಯಿ ಊಟ ಹುಡುಕಿಕೊಂಡು ಹೋಗಿರುತ್ತದೆ. ಮನೆಯವರಿಗೆ ಗಾಬರಿ. ಒಂದು ರಟ್ಟಿನ ಡಬ್ಬ, ಒಂದು ಹಳೇ ಟವೆಲ್, ಒಂದು ಆಟೋ. ಮಧ್ಯಾಹ್ನದೊಳಗೆ ಆ ಡಬ್ಬ ನಾನು ಶನಿವಾರಗಳಂದು ಕೆಲಸ ಮಾಡುವ ಬೆಕ್ಕಿನ ಶೆಲ್ಟರಿನ ಗೇಟಿನ ಮುಂದೆ ಇರುತ್ತದೆ.

ತಂದವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಒಳ್ಳೇ ಮನಸ್ಸಿನಿಂದಲೇ ತಂದಿರುತ್ತಾರೆ. ಆದರೂ ಹೇಳಲೇಬೇಕು. ಮರಿಗಳ ಮೈ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಸದ್ದಿಲ್ಲದೆ ಮಲಗಿವೆ ಅಂದರೆ ತಾಯಿ ಹತ್ತಿರದಲ್ಲೇ ಎಲ್ಲೋ ಇದೆ. ಜಾಗ ಖಾಲಿ ಮಾಡಲೇಬೇಕು ಅನ್ನುವುದಾದರೆ ಮರಿಗಳನ್ನು ಡಬ್ಬದಲ್ಲಿ ಹಾಕಿ ಅಲ್ಲೇ ಪಕ್ಕದಲ್ಲಿ ಇಡಿ. ದೂರ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಬಂದು ಒಂದೊಂದನ್ನೇ ಕತ್ತು ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ಅಜ್ಜಿಯರು ಹೇಳುವುದು ಸುಮ್ನೆ ಅಲ್ಲ. ಎಂಟನೇ ಮನೆಯ ಹುಡುಕಾಟದ ತಾಪತ್ರಯ ಅದಕ್ಕೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ.

ಯುಗಾದಿ ಕಳೆದ ಆ ಶನಿವಾರವೂ ಒಂದು ಡಬ್ಬ ಬಂತು. ಒಳಗೆ ನಾಲ್ಕು ಮರಿಗಳು. ಕಣ್ಣು ಆಗಷ್ಟೇ ಸೀಳಿನಂತೆ ತೆರೆದಿದ್ದವು, ಅಂದರೆ ಹತ್ತು ದಿನದ ಆಸುಪಾಸು. ಬಂದ ದಾರಿಯಲ್ಲೇ ತಣ್ಣಗಾಗಿದ್ದವು. ಇಂಥ ಮರಿಗೆ ಎಲ್ಲರೂ ಮೊದಲು ಮಾಡುವ ಕೆಲಸ ಹಾಲು ಕುಡಿಸುವುದು. ಅದೇ ಮಾಡಬಾರದ ಕೆಲಸ. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ಕುಡಿದದ್ದು ಹಾಗೇ ನಿಂತುಬಿಡುತ್ತದೆ. ಮೊದಲು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬಿಸಿ ಮಾಡಬೇಕು. ಆಮೇಲೆ ಮರಿಗಳಿಗೆಂದೇ ಸಿಗುವ ಪುಡಿಯನ್ನು ಕಲಸಿ ಸಿರಿಂಜಿನಲ್ಲಿ ಹನಿಹನಿಯಾಗಿ ಕೊಡಬೇಕು. ಅದೂ ಹೊಟ್ಟೆ ಕೆಳಗೆ ಮಾಡಿ. ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುಡಿದಾದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಒರೆಸಬೇಕು. ಇಲ್ಲದಿದ್ದರೆ ಅವಕ್ಕೆ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು. ಇಷ್ಟೆಲ್ಲ ಆಗಿ, ನಾಲ್ಕನೆಯದನ್ನು ಒರೆಸಿ ಮಲಗಿಸುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಹಸಿವು. ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ.

ಪಕ್ಕದಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮರಿ ಹುಟ್ಟಿದಾಗ ಹೆಚ್ಚುಕಮ್ಮಿ 100 ಗ್ರಾಂ ಇರುತ್ತದೆ. ದಿನಕ್ಕೆ 10 ಗ್ರಾಂನಷ್ಟು ಏರುತ್ತಾ ಹೋಗಬೇಕು. ಏರದಿದ್ದರೆ ಏನೋ ಸರಿಯಿಲ್ಲ. ಮರಿ ಚೆನ್ನಾಗಿ ಆಡುತ್ತಿದೆ, ಕೂಗುತ್ತಿದೆ, ಮುದ್ದಾಗಿದೆ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ. ಪುಸ್ತಕದಲ್ಲಿ ಬರೆದ ಗ್ರಾಂ ಮಾತ್ರ ಲೆಕ್ಕ.

ಹಾಲಿನ ವಿಷಯ ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಬೆಕ್ಕಿಗೆ ಹಸುವಿನ ಹಾಲು ಬೇಡ. ಮರಿಗಂತೂ ಬೇಡವೇ ಬೇಡ, ಭೇದಿ ಹತ್ತಿ ಒಂದೇ ದಿನದಲ್ಲಿ ನೀರಿಳಿದುಹೋಗುತ್ತದೆ. ದೊಡ್ಡ ಬೆಕ್ಕುಗಳಲ್ಲೂ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಶೆಲ್ಟರಿಗೆ ಪ್ರೀತಿಯಿಂದ ಹಾಲಿನ ಪ್ಯಾಕೆಟ್ ತಂದುಕೊಡುವವರು ಇದ್ದೇ ಇದ್ದಾರೆ. ಥ್ಯಾಂಕ್ಸ್ ಹೇಳಿ ಇಟ್ಟುಕೊಳ್ಳುತ್ತೇವೆ, ನಮಗೆ ಕಾಫಿಗಾಗುತ್ತದೆ. ರಾಜ ಹಸು ಕೊಟ್ಟು ಬೆಕ್ಕು ಸಾಕು ಅಂದರೂ ಹಾಲು ಕಂಡರೆ ಓಡಿಹೋಗುವ ಹಾಗೆ ಮಾಡಿದ ತೆನಾಲಿ ರಾಮಕೃಷ್ಣನ ಕಥೆ ಚಿಕ್ಕಂದಿನಲ್ಲಿ ಕೇಳಿ ಬೆಕ್ಕಿಗೆ ಪಾಪ ಅನ್ನಿಸಿತ್ತು. ಈಗ ಆ ಬೆಕ್ಕಿನ ಹೊಟ್ಟೆಯಾದರೂ ನೆಟ್ಟಗಿತ್ತು ಅನ್ನಿಸುತ್ತದೆ.

ಬೆಕ್ಕಿನ ಶೆಲ್ಟರಿನಲ್ಲಿ ಕೆಲಸ ಅಂದರೆ ಜನ ಬೆಕ್ಕು ಮುದ್ದು ಮಾಡುವುದು ಅಂದುಕೊಳ್ಳುತ್ತಾರೆ. ಮುಕ್ಕಾಲು ಪಾಲು ಅದು ನೆಲ ಒರೆಸುವ ಕೆಲಸ. ಮರಳಿನ ಟ್ರೇ ಜರಡಿ ಹಿಡಿಯುವುದು, ಬಟ್ಟಲು ತೊಳೆಯುವುದು, ಹಾಸಿಗೆ ಬಟ್ಟೆ ಒಗೆಯುವುದು, ಮತ್ತೆ ನೆಲ ಒರೆಸುವುದು. ಇಷ್ಟೊಂದು ಯಾಕೆ ಅಂದರೆ ಪ್ಯಾನ್‌ಲ್ಯೂಕೊಪೀನಿಯಾ ಅನ್ನುವ ಕಾಯಿಲೆಗೆ ಹೆದರಿ. ನಾಯಿಗಳ ಪಾರ್ವೊ ಇದೆಯಲ್ಲ, ಅದರ ದಾಯಾದಿ ಇದು. ಲಸಿಕೆ ಆಗದ ಮರಿಗಳಿಗೆ ಬಂದರೆ ವಾಂತಿ, ಭೇದಿ, ಜ್ವರ. ಎಷ್ಟೋ ಸಲ ಡಾಕ್ಟರ್ ಬರುವಷ್ಟರಲ್ಲಿ ಮುಗಿದಿರುತ್ತದೆ. ಈ ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಸಾಮಾನ್ಯ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಮೇಲಾಗಿ ಫಿನಾಯಿಲ್ ಬೆಕ್ಕಿಗೇ ವಿಷ. ಹಾಗಾಗಿ ಬ್ಲೀಚ್. ಒಂದು ಪಾಲಿಗೆ 32 ಪಾಲು ನೀರು, ಹಾಕಿ ಹತ್ತು ನಿಮಿಷ ಬಿಡಬೇಕು, ಆಮೇಲೆ ತೊಳೆಯಬೇಕು. ಹೊಸ ಬೆಕ್ಕುಗಳ ರೂಮಿಗೆ ಬೇರೆ ಚಪ್ಪಲಿ, ಬೇರೆ ಏಪ್ರನ್. ಆ ರೂಮಿಗೆ ಹೋದವರು ಆ ದಿನ ಮರಿಗಳ ರೂಮಿನ ಕಡೆ ಕಾಲಿಡುವ ಹಾಗಿಲ್ಲ. ಮಡಿ ಅಂದರೆ ಇದು. ನಮ್ಮ ಅಜ್ಜಿ ಬದುಕಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

ಅವತ್ತು ಕೆಲಸದವರಲ್ಲಿ ಇಬ್ಬರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಖಾಯಂ ಇರುವ ಅಕ್ಕ ಒಬ್ಬರೇ, ಜೊತೆಗೆ ನಾನು, ಕಾಲೇಜಿನ ಒಬ್ಬ ಹುಡುಗ. ಹುಡುಗನಿಗೆ ನೆಲ, ಅಕ್ಕನಿಗೆ ಮಾತ್ರೆ, ನನಗೆ ಮರಿಗಳು ಮತ್ತು ಫೋನು. ಮರಿಗಳು ಪರವಾಗಿಲ್ಲ. ನನ್ನನ್ನು ಹಣ್ಣು ಮಾಡಿದ್ದು ಫೋನು.

"ಮೇಡಂ, ಮನೆ ಶಿಫ್ಟ್ ಮಾಡ್ತಿದೀವಿ. ಹೊಸ ಓನರ್ ಬೆಕ್ಕು ಬೇಡ ಅಂತಾರೆ." "ಮೇಡಂ, ಮಗಳಿಗೆ ಪರೀಕ್ಷೆ." ಪರೀಕ್ಷೆಗೂ ಬೆಕ್ಕಿಗೂ ಏನು ಸಂಬಂಧ ಅಂತ ಕೇಳಲಿಲ್ಲ. ಒಬ್ಬರು ದುಡ್ಡು ಕೊಟ್ಟು ತಂದ ಪರ್ಷಿಯನ್ ಬೆಕ್ಕನ್ನು ಕೂದಲು ಜಾಸ್ತಿ ಉದುರುತ್ತದೆ ಅಂತ ಬಿಡುವವರಿದ್ದರು. ಪರ್ಷಿಯನ್ ಬೆಕ್ಕಿಗೆ ಕೂದಲಿರುತ್ತದೆ ಅನ್ನುವುದು ತರುವಾಗ ಕಂಡಿರಲಿಲ್ಲವೇನೋ. ಬೆಂಗಳೂರಿನ ಬೇಸಿಗೆಯಲ್ಲಿ ದಿನಾ ಬಾಚದಿದ್ದರೆ ಆ ಕೂದಲು ಗಂಟುಗಂಟಾಗಿ ಚರ್ಮವನ್ನೇ ಎಳೆಯುತ್ತದೆ. ಕೊನೆಗೆ ಮೆಷಿನ್ ಹಾಕಿ ಬೋಳಿಸುವುದೇ ದಾರಿ.

ಎಲ್ಲಕ್ಕಿಂತ ಜಾಸ್ತಿ ಬರುವ ಫೋನು ಬಸುರಿಯರ ಮನೆಯದು. ಸೊಸೆಗೆ ಮೂರು ತಿಂಗಳು, ಬೆಕ್ಕಿನಿಂದ ಮಗುವಿಗೆ ತೊಂದರೆಯಂತೆ, ಇವತ್ತೇ ತೆಗೆದುಕೊಂಡು ಹೋಗಿ. ಇದರಲ್ಲಿ ಪೂರ್ತಿ ಸುಳ್ಳಿಲ್ಲ. ಟೊಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಹೇಲಿನಲ್ಲಿ ಬರಬಹುದು, ಬಸುರಿನಲ್ಲಿ ಮೊದಲ ಸಲ ತಗುಲಿದರೆ ಮಗುವಿಗೆ ಅಪಾಯ ನಿಜ. ಆದರೆ ಹೇಲಿನಲ್ಲಿ ಬಂದ ತಕ್ಷಣ ಅದು ಅಂಟುವ ಸ್ಥಿತಿಯಲ್ಲಿ ಇರುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನ ಬೇಕು. ಟ್ರೇಯನ್ನು ದಿನಾ ಖಾಲಿ ಮಾಡಿದರೆ, ಅದನ್ನೂ ಗಂಡ ಮಾಡಿದರೆ, ಮುಗಿಯಿತು. ಮನೆಯೊಳಗೇ ಇದ್ದು ಬೇಯಿಸಿದ್ದು ತಿನ್ನುವ ಬೆಕ್ಕಿಗೆ ಅದು ಬರುವುದೇ ಕಷ್ಟ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು-ತರಕಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹುಷಾರಾಗಿರಬೇಕು. ಇಷ್ಟನ್ನು ಅವತ್ತು ಬಾಯಿಪಾಠದಂತೆ ಹೇಳಿದೆ. ಒಂದು ಮನೆಯವರು ಒಪ್ಪಿದರು. ಇನ್ನೊಂದು ಮನೆಯ ಅತ್ತೆ, "ನಿಮಗೆ ಮಕ್ಕಳಿದ್ದಾರಾ?" ಅಂತ ಕೇಳಿ ಫೋನಿಟ್ಟರು.

ಇಂಥ ಮಾತಿನ ನಂತರ ನಾನು ಇದ್ದಿಲಿನ ಹತ್ತಿರ ಹೋಗಿ ಕೂರುತ್ತೇನೆ. ಇದ್ದಿಲು ಅಂದರೆ ಅಲ್ಲಿನ ಕರೀ ಬೆಕ್ಕು. ನಾನು ಸೇರುವುದಕ್ಕೆ ಮುಂಚಿನಿಂದ ಇದೆ. ಮರಿಗಳು ಬರುತ್ತವೆ, ಬಿಳಿಯವು ಮೊದಲು, ಕಿತ್ತಳೆ ಬಣ್ಣದವು ಆಮೇಲೆ, ಹೀಗೆ ಒಂದೊಂದೇ ಮನೆ ಸೇರುತ್ತವೆ. ಕರಿಯದನ್ನು ಯಾರೂ ಕೇಳುವುದಿಲ್ಲ. ಅಪಶಕುನದ ಭಯವನ್ನು ಬಾಯಿಬಿಟ್ಟು ಹೇಳುವವರು ಕಮ್ಮಿ. "ಫೋಟೋದಲ್ಲಿ ಮುಖ ಕಾಣಲ್ಲ" ಅನ್ನುತ್ತಾರೆ. ಇದ್ದಿಲಿಗೆ ಇದರ ಚಿಂತೆಯಿಲ್ಲ. ಮುಟ್ಟಿದರೆ ಆಗುವುದಿಲ್ಲ. ಎರಡು ಮಾರು ದೂರದಿಂದ ನನ್ನ ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತದೆ. ನಾನೂ ಹಾಗೇ ಮಾಡುತ್ತೇನೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದ ಮನುಷ್ಯರಿಗೆ ಬೆಕ್ಕುಗಳೂ ತಿರುಗಿ ಮಿಟುಕಿಸುತ್ತವೆ, ಅಪರಿಚಿತರಾದರೂ ಹತ್ತಿರ ಬರಲು ಹೆಚ್ಚು ಒಪ್ಪುತ್ತವೆ ಅಂತ ಗೊತ್ತಾಯಿತು. ಇದ್ದಿಲು ಆ ವರದಿ ಓದಿಲ್ಲ. ಮಿಟುಕಿಸುತ್ತದೆ, ಹತ್ತಿರ ಮಾತ್ರ ಬರುವುದಿಲ್ಲ.

ನಾಲ್ಕು ಗಂಟೆಗೆ ರಾತ್ರಿ ಪಾಳಿಯವರು ಬಂದರು. ಮರಿಗಳ ಪುಸ್ತಕ ಕೊಟ್ಟು, ಕೈ ತೊಳೆದು, ಮತ್ತೊಮ್ಮೆ ಕೈ ತೊಳೆದು ಹೊರಬಿದ್ದೆ. ಸೊಂಟ ಹಿಡಿದಿತ್ತು. ಕೈಯಲ್ಲಿ ಬ್ಲೀಚಿನ ವಾಸನೆ. ಕಪ್ಪು ಪ್ಯಾಂಟು ಹಾಕಿಕೊಂಡು ಹೋಗಿದ್ದೆ, ಅದು ಆಗ ಯಾವ ಬಣ್ಣದಲ್ಲಿತ್ತು ಅಂತ ಹೇಳುವುದು ಕಷ್ಟ. ಸೀದಾ ಮನೆಗೆ ಹೋಗಿ ಮಲಗಬೇಕಿತ್ತು. ಆದರೆ ಸ್ಕೂಟರಿನ ಡಿಕ್ಕಿಯಲ್ಲಿ ಬೈನಾಕ್ಯುಲರ್ ಇತ್ತು. ಜಕ್ಕೂರು ಕೆರೆ ದಾರಿಯಲ್ಲೇ ಸಿಗುತ್ತದೆ.

ಪ್ರಕೃತಿ ಮಡಿಲಿಗೆ ಹೋದರೆ ದಣಿವೆಲ್ಲ ಮಾಯ ಅಂತ ಬರೆಯುವವರನ್ನು ಕಂಡರೆ ನನಗೆ ಅನುಮಾನ. ಸೊಂಟ ಕೆರೆ ಏರಿಯ ಮೇಲೂ ಅಷ್ಟೇ ನೋಯುತ್ತದೆ. ಬೈನಾಕ್ಯುಲರ್ ಎತ್ತಿದರೆ ಕೈ ನಡುಗಿ ನೀರುಕಾಗೆ ಎರಡೆರಡಾಗಿ ಕಾಣುತ್ತಿತ್ತು. ಕೊನೆಗೆ ಬೆಂಚಿನ ಮೇಲೆ ಕುಳಿತು ಮೊಣಕೈಯನ್ನು ಮಂಡಿಗೆ ಊರಿದೆ. ಆಗ ಸ್ವಲ್ಪ ಹಿಡಿತಕ್ಕೆ ಬಂತು.

ಜಕ್ಕೂರು ಸುಮಾರು 160 ಎಕರೆಯ ಕೆರೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಗುಟ್ಟು ಸರಳ. ಪಕ್ಕದಲ್ಲೇ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಮನೆಗಳ ಬಚ್ಚಲು ನೀರು ಅಲ್ಲಿ ಶುದ್ಧವಾಗಿ, ಆಮೇಲೆ ಆಪು, ಜೊಂಡು ಬೆಳೆದ ಜೌಗಿನ ಮೂಲಕ ಹರಿದು ಕೆರೆ ಸೇರುತ್ತದೆ. ಬೇರುಗಳು ಉಳಿದ ಕೊಳೆಯನ್ನು ಹೀರಿಕೊಳ್ಳುತ್ತವೆ. ನಾವು ಬಿಟ್ಟ ನೀರಿನ ಮೇಲೆ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ. ಆ ಜೌಗಿನ ಅಂಚು ನನ್ನ ಇಷ್ಟದ ಜಾಗ. ನೇರಳೆ ಬಣ್ಣದ ಜಂಬುಕೋಳಿಗಳು ಉದ್ದ ಬೆರಳುಗಳನ್ನು ಅಗಲಿಸಿ ಜೊಂಡಿನ ಮೇಲೆ ನಡೆಯುತ್ತವೆ. ಒಂದು ಕಾಲಲ್ಲಿ ದಂಟು ಹಿಡಿದು ಕಬ್ಬಿನಂತೆ ಸಿಗಿದು ತಿನ್ನುತ್ತವೆ. ಒಳಗೆಲ್ಲೋ ಉಲಿಯಕ್ಕಿಯೊಂದು ಕಾಣದಂತೆ ಗೊಣಗುತ್ತಿರುತ್ತದೆ.

ಮಾರ್ಚ್ ಕೊನೆ ಅಂದರೆ ಹೊರಡುವ ಹಕ್ಕಿಗಳ ಕಾಲ. ಚಳಿಗಾಲಕ್ಕೆ ಬಂದಿದ್ದ ಸಿಪಿಲೆಗಳು ಇನ್ನೂ ಒಂದೆರಡು ಏರಿಯ ಮೇಲೆ ಬಾಲ ಕುಣಿಸುತ್ತಿದ್ದವು. ಗುಲಾಬಿ ಕಬ್ಬಕ್ಕಿಗಳ ಒಂದು ಹಿಂಡು ಆಲದ ಮೇಲಿಂದ ಜೊಂಡಿಗೂ ಜೊಂಡಿನಿಂದ ಆಲಕ್ಕೂ ಗದ್ದಲ ಮಾಡುತ್ತಾ ಓಡಾಡುತ್ತಿತ್ತು. ಇವು ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡುವ ಹಕ್ಕಿಗಳು. ಮಿಡತೆ ಹಿಂಡುಗಳ ಹಿಂದೆ ಬೀಳುವುದಕ್ಕೆ ಹೆಸರುವಾಸಿ. ಇಲ್ಲಿ ಚಳಿಗಾಲ ಕಳೆದು ಏಪ್ರಿಲ್ ಹೊತ್ತಿಗೆ ಜಾಗ ಖಾಲಿ ಮಾಡುತ್ತವೆ.

ಅಲ್ಲಿ ಕುಳಿತಾಗ ನನಗೆ ಏನು ಸಿಗುತ್ತದೆ ಅಂತ ಬಹಳ ಸಲ ಯೋಚಿಸಿದ್ದೇನೆ. ಶೆಲ್ಟರಿನಲ್ಲಿ ನೋಡುವುದು ಅಂದರೆ ತಪಾಸಣೆ. ಕಣ್ಣಲ್ಲಿ ಪಿಸುರು ಇದೆಯಾ, ಒಸಡು ಬಿಳಚಿದೆಯಾ, ಟ್ರೇಯಲ್ಲಿ ಹೇಲು ಗಟ್ಟಿಯಿದೆಯಾ, ಯಾವುದು ಊಟ ಬಿಟ್ಟಿದೆ. ಕಣ್ಣು ಬಿದ್ದ ಕಡೆಯೆಲ್ಲ ಒಂದು ಕೆಲಸ ಎದ್ದು ನಿಲ್ಲುತ್ತದೆ. ಕೆರೆಯಲ್ಲಿ ಹಾಗಲ್ಲ. ಹೆಜ್ಜಾರ್ಲೆ ಎಡಕ್ಕೆ ತಿರುಗಿದರೆ ತಿರುಗಿತು. ನಾನು ಏನೂ ಬರೆದುಕೊಳ್ಳಬೇಕಿಲ್ಲ, ಯಾರಿಗೂ ಫೋನ್ ಮಾಡಬೇಕಿಲ್ಲ. ಅದಕ್ಕೆ ನಾನು ಬೇಕಾಗಿಲ್ಲ. ಬೇಡವಾದವಳಾಗಿ ಒಂದೂವರೆ ಗಂಟೆ ಕೂರುವುದು ನನಗೆ ದೊಡ್ಡ ಸುಖ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಅನ್ನುವ ವೆಬ್‌ಸೈಟಿಗೆ ಅಪರೂಪಕ್ಕೆ ಮಾತ್ರ ಪಟ್ಟಿ ಹಾಕುತ್ತೇನೆ. ಎಣಿಸಲು ಶುರು ಮಾಡಿದರೆ ಅದೂ ಡ್ಯೂಟಿ ಆಗಿಬಿಡುತ್ತದೆ.

ಹಕ್ಕಿಗಳಿಗೆ ಮನುಷ್ಯರು ಬೇಡವೇ ಬೇಡ ಅಂತ ಇದರ ಅರ್ಥ ಅಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ, ಹಿಕ್ಕೆ, ಗಬ್ಬು ವಾಸನೆ ಎಲ್ಲ ಸಹಿಸಿಕೊಂಡು ಬಂದಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹುಡುಗರು ಆವರಣದಲ್ಲಿಟ್ಟು ಮೀನು ಹಾಕಿ ಬೆಳೆಸಿ ಹಾರಲು ಬಿಡುತ್ತಾರೆ. ಹೆಜ್ಜಾರ್ಲೆ ಮರಿಗೆ ಮೀನು ತಿನ್ನಿಸುವುದರ ಮುಂದೆ ನನ್ನ ಸಿರಿಂಜು ಏನೂ ಅಲ್ಲ. ಅವರೂ ಸಂಜೆ ಹೊತ್ತು ಬೇರೆ ಏನನ್ನೋ ನೋಡುತ್ತಾ ಕೂರುತ್ತಾರೇನೋ.

ನನ್ನ ಹಕ್ಕಿ ಗುಂಪಿನ ಒಬ್ಬ ಗೆಳೆಯನಿಗೆ ನನ್ನ ಶನಿವಾರ ಕಂಡರೆ ಆಗುವುದಿಲ್ಲ. "ಬೆಳಿಗ್ಗೆ ಹಂತಕರಿಗೆ ಹಾಲು, ಸಂಜೆ ಸತ್ತವರಿಗೆ ತರ್ಪಣ" ಅಂತ ಅಣಕಿಸುತ್ತಾನೆ. ಅವನ ಹತ್ತಿರ ಅಂಕಿ ರೆಡಿ ಇರುತ್ತದೆ. 2013ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಮನೆಯಿಲ್ಲದ ಬೆಕ್ಕುಗಳದು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಕಥೆಯನ್ನೂ ಅವನೇ ಹೇಳಿದ್ದು. 1894ರಲ್ಲಿ ಅಲ್ಲಿ ದೀಪಸ್ತಂಭ ಬಂತು, ಜೊತೆಗೆ ಬೆಕ್ಕೂ ಬಂತು. ಆ ದ್ವೀಪದಲ್ಲಿ ಹಾರಲು ಬಾರದ ಪುಟ್ಟ ಹಕ್ಕಿಯೊಂದಿತ್ತು. ಬೆಕ್ಕು ಹಿಡಿದು ತಂದ ಹಕ್ಕಿಗಳನ್ನು ದೀಪಸ್ತಂಭದ ಸಹಾಯಕ ಲಾಯಲ್ ಎಂಬಾತ ವಿಜ್ಞಾನಿಗಳಿಗೆ ಸಿಗುವಂತೆ ಮಾಡಿದ. ಹೊಸ ಜಾತಿಗೆ ಅವನದೇ ಹೆಸರು ಬಂತು. ಹೆಸರು ಬಂದಷ್ಟೇ ಬೇಗ ಹಕ್ಕಿ ಹೋಯಿತು. ಒಂದೇ ಬೆಕ್ಕು ಇಡೀ ಜಾತಿಯನ್ನು ಮುಗಿಸಿತು ಅಂತ ಕಥೆ ಹೇಳುವವರು ಹೇಳುತ್ತಾರೆ. ಅದು ಉತ್ಪ್ರೇಕ್ಷೆ. ದ್ವೀಪದಲ್ಲಿ ಬೆಕ್ಕುಗಳ ಸಂತಾನವೇ ಬೆಳೆದಿತ್ತು. ಬೆಕ್ಕಿನವರಿಗೆ ಇದರಿಂದ ಸಮಾಧಾನ ಆಗಬೇಕಾದ್ದೇನೂ ಇಲ್ಲ.

ಅಮೆರಿಕದ ಅಂಕಿಯನ್ನು ತಂದು ಜಕ್ಕೂರಿಗೆ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕೆರೆಗಳ ಸುತ್ತ ಬೀದಿನಾಯಿ, ಮುಂಗುಸಿ, ಕೇರೆಹಾವು, ಹದ್ದು, ಕಾಗೆ ಎಲ್ಲ ಇವೆ. ಎಲ್ಲಕ್ಕಿಂತ ಮೇಲೆ ಬಿಲ್ಡರುಗಳು ಇದ್ದಾರೆ. ಆದರೆ ಅವನ ಮಾತು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಶೆಲ್ಟರಿನ ಕಡೆಯ ಗೆಳತಿಯರು "ಅದು ಅದರ ಸ್ವಭಾವ ಕಣೇ" ಅಂದುಬಿಡುತ್ತಾರೆ. ಸ್ವಭಾವ ಹೌದು. ಸಂಖ್ಯೆ ಮಾತ್ರ ಸ್ವಭಾವ ಅಲ್ಲ, ಅದು ನಮ್ಮ ಕೆಲಸ. ಬೆಕ್ಕಿನ ಬಸುರು ಒಂಬತ್ತು ವಾರ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗಬ್ಬ ಆಗಬಲ್ಲದು. ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬ ಆಗಬಲ್ಲದು. ದಿನಾ ಊಟ ಹಾಕಿ ಆಪರೇಷನ್ ಮಾಡಿಸದೇ ಬಿಡುವುದು ನನ್ನ ಪ್ರಕಾರ ದಯೆಯಲ್ಲಿ ಅರ್ಧ ಮಾತ್ರ. ಉಳಿದರ್ಧವನ್ನು ಮರಿಗಳು, ಹಕ್ಕಿಗಳು, ನಮ್ಮ ಶನಿವಾರಗಳು ಭರಿಸುತ್ತವೆ. ಮನೆಯ ಬೆಕ್ಕು ಮನೆಯೊಳಗೇ ಇರಲಿ ಅನ್ನುವುದರಲ್ಲೂ ನನಗೆ ಎರಡು ಮಾತಿಲ್ಲ. ಜಾಲರಿ ಹಾಕಿದ ಬಾಲ್ಕನಿ ಸಾಕು. ಗಾಡಿ, ನಾಯಿ, ಕಾಯಿಲೆ ಮೂರರಿಂದಲೂ ಬದುಕುತ್ತದೆ.

ಇದನ್ನೆಲ್ಲ ನಾನು ಆ ಸಂಜೆ ಯೋಚಿಸುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಗುಳುಮುಳುಕವೊಂದು ಮುಳುಗಿ ಎಲ್ಲಿ ಏಳುತ್ತದೆ ಅಂತ ನೋಡುತ್ತಿದ್ದೆ. ಅಷ್ಟರಲ್ಲಿ ಏರಿಯ ಆಚೆ ಟಿಟ್ಟಿಭಗಳು ಬೊಬ್ಬೆ ಹಾಕಿದವು.

ಟಿಟ್ಟಿಭದ ಕೂಗು ಕೇಳಿದವರಿಗೆಲ್ಲ ಗೊತ್ತು, ಅದು ಮಾತಾಡುವುದಿಲ್ಲ, ಜಗಳ ಆಡುತ್ತದೆ. ಗೂಡು ಅಂತ ಕಟ್ಟುವುದಿಲ್ಲ. ಬಯಲಲ್ಲಿ ಕಲ್ಲುಗಳ ನಡುವೆ ಒಂದು ತಗ್ಗು, ಅದರಲ್ಲಿ ಮಣ್ಣಿನ ಬಣ್ಣದ ಮಚ್ಚೆ ಮಚ್ಚೆ ಮೊಟ್ಟೆ. ಮಾರ್ಚಿನಿಂದಲೇ ಅವಕ್ಕೆ ಮೊಟ್ಟೆಯ ಕಾಲ. ಈ ಜೋಡಿ ತಲೆಯ ಮೇಲೆ ಸುತ್ತು ಹಾಕಿ ಹಾಕಿ ಒಂದೇ ಜಾಗಕ್ಕೆ ಎರಗುತ್ತಿತ್ತು. ಬೈನಾಕ್ಯುಲರ್ ತಿರುಗಿಸಿದೆ. ಒಣಹುಲ್ಲಿನ ನಡುವೆ ಬೂದು ಪಟ್ಟೆಯ ಬೆಕ್ಕು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು.

ನನ್ನ ಕಣ್ಣು ಮೊದಲು ಹೋಗಿದ್ದು ಟಿಟ್ಟಿಭದ ಕಡೆಗಲ್ಲ. ಬೆಕ್ಕಿನ ಕಿವಿಗೆ. ಬೀದಿ ಬೆಕ್ಕಿಗೆ ಆಪರೇಷನ್ ಆಗಿದ್ದರೆ ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿರುತ್ತಾರೆ, ದೂರದಿಂದಲೇ ಗೊತ್ತಾಗಲಿ ಅಂತ. ಎರಡು ಕಿವಿಯೂ ಚೂಪಾಗಿದ್ದವು. ಆಮೇಲೆ ಹೊಟ್ಟೆ ನೋಡಿದೆ. ತಿರುಗಿದಾಗ ಮೊಲೆಗಳು ಕಂಡವು, ಸುತ್ತ ಕೂದಲು ಹೋಗಿತ್ತು. ಅಂದರೆ ಎಲ್ಲೋ ಮರಿಗಳಿವೆ. ಒಂದೂವರೆ ಗಂಟೆಯ ಸುಖ ಅಲ್ಲಿಗೆ ಮುಗಿಯಿತು. ತಪಾಸಣೆ ಶುರು.

ಯಾರ ಪಕ್ಷ ವಹಿಸುವುದು? ಎದ್ದು ಚಪ್ಪಾಳೆ ತಟ್ಟಿದರೆ ಬೆಕ್ಕು ಓಡುತ್ತದೆ, ಆದರೆ ಅದರ ಮರಿಗಳೂ ಹಸಿದಿವೆ. ಸುಮ್ಮನಿದ್ದರೆ ಮೊಟ್ಟೆ ಹೋಗುತ್ತದೆ. ನಾನು ತೀರ್ಮಾನಕ್ಕೆ ಬರುವ ಮುಂಚೆ ಟಿಟ್ಟಿಭವೇ ತೀರ್ಮಾನ ಮಾಡಿತು. ಕಿರುಚಿಕೊಂಡು ನೇರ ಬೆಕ್ಕಿನ ತಲೆಗೇ ಇಳಿಯಿತು. ಬೆಕ್ಕು ಕುಗ್ಗಿತು. ಇನ್ನೊಂದು ಹಿಂದಿನಿಂದ ಬಂತು. ಎರಡು ಸುತ್ತು ಇದಾದ ಮೇಲೆ ಬೆಕ್ಕು ಅಲ್ಲೇ ಕುಳಿತು ತನ್ನ ಮುಂಗಾಲು ನೆಕ್ಕಲು ಶುರು ಮಾಡಿತು. ತಾನು ಬಂದಿದ್ದೇ ಕಾಲು ನೆಕ್ಕುವುದಕ್ಕೆ ಅನ್ನುವ ಹಾಗೆ. ಆಮೇಲೆ ಎದ್ದು ಏರಿಯ ಕಡೆ, ನನ್ನ ಕಡೆಗೇ, ಬಾಲ ಎತ್ತಿಕೊಂಡು ಬಂತು. ಬಾಲ ಎತ್ತಿದ್ದು ನನ್ನ ಮೇಲಿನ ಪ್ರೀತಿಗಲ್ಲ. ಹಿಂದೆ ಸ್ಟೀಲ್ ಡಬ್ಬಿಯ ಮುಚ್ಚಳದ ಸದ್ದಾಗಿತ್ತು.

ತಿರುಗಿದರೆ ಅರವತ್ತು ದಾಟಿದ ಒಬ್ಬರು. ಕಾಟನ್ ಸೀರೆ, ಕೆಳಗೆ ಸ್ಪೋರ್ಟ್ಸ್ ಶೂ.

"ಏನಮ್ಮಾ, ಹಕ್ಕಿ ಸಿಕ್ತಾ?"

"ಬೆಕ್ಕು ಸಿಕ್ತು ಆಂಟಿ. ನಿಮ್ಮದಾ?"

"ನಮ್ಮನೇದಲ್ಲ. ಚಿನ್ನಿ ಅಂತ. ವಾಕಿಂಗ್ ಬಂದಾಗ ಒಂದು ತುತ್ತು ಹಾಕ್ತೀನಿ. ನೋಡು, ಮೊಸರನ್ನ ಮುಟ್ಟಲ್ಲ ಮಹಾರಾಣಿ. ಮೀನಿದ್ರೆ ಮಾತ್ರ."

"ಮರಿ ಹಾಕಿದೆ ಅನ್ಸುತ್ತೆ."

"ಹಾಕಿದಾಳೆ. ವರ್ಷಕ್ಕೆ ಎರಡು ಸಲ ಹಾಕ್ತಾಳೆ. ಉಳಿಯೋದು ಒಂದೋ ಎರಡೋ. ನಾಯಿ ಬಿಡಲ್ಲ. ಹೋದ ಸಲ ಒಂದನ್ನ ನಾನೇ ನೋಡಿದೆ, ಎರಡು ದಿನ ಊಟ ಸೇರಲಿಲ್ಲ."

ಬೆಳಗಿನಿಂದ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಲು ನಾಲಿಗೆ ಏಳಲಿಲ್ಲ. ಆದರೆ ಇವರು ಬೆಕ್ಕನ್ನು ಬಿಡಲು ಬಂದವರಲ್ಲ, ಹುಡುಕಿಕೊಂಡು ಬಂದವರು. ಪಕ್ಕದಲ್ಲಿ ಕೂರಿಸಿಕೊಂಡು ಆಪರೇಷನ್ ಬಗ್ಗೆ ಹೇಳಿದೆ. ಬೋನಿಟ್ಟು ಹಿಡಿಯುವುದು, ಆಸ್ಪತ್ರೆಯಲ್ಲಿ ಇಟ್ಟು ವಾಸಿಯಾದ ಮೇಲೆ ಇದೇ ಜಾಗಕ್ಕೆ ತಂದುಬಿಡುವುದು. ಮರಿಗಳಿಗೆ ಐದಾರು ವಾರ ಆಗಿ ತಾವೇ ತಿನ್ನಲು ಕಲಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಮರಿಗಳು ಎಲ್ಲಿವೆ ಅಂತ ಪತ್ತೆ ಮಾಡಬೇಕು, ಅವಕ್ಕೆ ಮನೆ ಹುಡುಕಬೇಕು.

ಆಂಟಿಗೆ ಕಿವಿಯ ವಿಷಯ ಹಿಡಿಸಲಿಲ್ಲ. "ಪಾಪ, ಅಷ್ಟು ಚೆಂದದ ಕಿವಿ."

"ಎಚ್ಚರ ಇರಲ್ಲ ಆಂಟಿ, ನೋವು ಗೊತ್ತಾಗಲ್ಲ. ಗುರುತಿಲ್ಲದಿದ್ರೆ ಮುಂದಿನ ವರ್ಷ ಇನ್ಯಾರೋ ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸ್ತಾರೆ."

ಸ್ವಲ್ಪ ಹೊತ್ತು ಯೋಚಿಸಿದರು. ಚಿನ್ನಿ ಡಬ್ಬಿಯಲ್ಲಿದ್ದ ಮೀನು ಮುಗಿಸಿ, ಅನ್ನ ಹಾಗೇ ಬಿಟ್ಟು, ಜೊಂಡಿನ ಕಡೆ ಹೊರಟಿತ್ತು. ಟಿಟ್ಟಿಭಗಳು ಮತ್ತೆ ಶುರು ಹಚ್ಚಿಕೊಂಡವು.

"ಮರಿ ಎಲ್ಲಿಟ್ಟಿದಾಳೆ ಅಂತ ನನಗೆ ಗೊತ್ತು" ಅಂದರು. "ಆ ಕಡೆ ಗೋಡೆ ಪಕ್ಕ ಸಿಮೆಂಟ್ ಪೈಪ್ ಬಿದ್ದಿದೆಯಲ್ಲ, ಅದರೊಳಗೆ. ಯಾರಿಗೂ ಹೇಳಿಲ್ಲ. ಮುಟ್ಟಿಯೂ ಇಲ್ಲ, ಮುಟ್ಟಿದ್ರೆ ಜಾಗ ಬದಲಾಯಿಸ್ತಾಳೆ."

ಆ ದಿನ ನಾನು ಕೇಳಿದ ಅತ್ಯಂತ ಒಳ್ಳೆಯ ಮಾತು ಅದು. ಅಟ್ಟ ಕ್ಲೀನ್ ಮಾಡುವವರೆಲ್ಲ ಈ ಆಂಟಿಯ ಹತ್ತಿರ ಟ್ಯೂಷನ್‌ಗೆ ಹೋಗಬೇಕು. ಮರಿಗಳಿಗೆ ಕಣ್ಣು ಬಿಟ್ಟಿದೆಯಂತೆ, ಪೈಪಿನ ಬಾಯಿಯವರೆಗೆ ಬಂದು ಆಡುತ್ತವಂತೆ. ಹಾಗಾದರೆ ನಾಲ್ಕು ವಾರ ಆಗಿರಬೇಕು. ಇನ್ನು ಎರಡು ವಾರಕ್ಕೆ ಬೋನು ತರುತ್ತೇನೆ ಅಂದೆ. ನಂಬರ್ ತಗೊಂಡೆವು. ಹಿಂದಿನ ಸಂಜೆ ಊಟ ಹಾಕಬಾರದು, ಹಸಿದಿದ್ದರೆ ಮಾತ್ರ ಬೋನಿಗೆ ಬರುತ್ತದೆ ಅಂದಿದ್ದಕ್ಕೆ ಮುಖ ಸಪ್ಪಗಾಯಿತು.

"ಬಾಣಂತಿನ ಉಪವಾಸ ಹಾಕ್ಬೇಕಾ?"

"ಒಂದು ರಾತ್ರಿ ಆಂಟಿ."

"ಬೋನಿಗೆ ಏನಿಡ್ತೀಯಾ?"

"ಒಣಮೀನು."

"ಅಯ್ಯೋ, ಚಿನ್ನಿ ಒಣಮೀನು ಮೂಸೋದೂ ಇಲ್ಲ. ನೀನು ಬೋನು ಮಾತ್ರ ತಾ. ಬೂತಾಯಿ ನಾನು ತರ್ತೀನಿ. ಹುರಿದು ತರಲಾ, ಬೇಯಿಸಿ ತರಲಾ?"

"ಬೇಯಿಸಿದ್ರೆ ಸಾಕು. ಉಪ್ಪು, ಖಾರ ಬೇಡ. ವಾಸನೆ ಮಾತ್ರ ಚೆನ್ನಾಗಿ ಬರಬೇಕು."